ಡಬ್ಬಿಯ ಮೇಲಿನ ಬಣ್ಣ ಏನು ಹೇಳುತ್ತದೆ?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಕಡಲೆಕಾಯಿ, ತೊಗರಿ ಬೆಳೆಯುವವರೇ ಹಸು ಕಟ್ಟಿ ಸಂಘಕ್ಕೆ ಹಾಲು ಹಾಕುತ್ತಾರೆ. ಆದ್ದರಿಂದ ಬೆಳೆಗೆ ಹೊಡೆಯುವ ಕೀಟನಾಶಕ, ರಾಸಿನ ಹಿಂಡಿ-ಬೂಸಾ ಎರಡೂ ಅನೇಕ ಮನೆಗಳಲ್ಲಿ ಒಂದೇ ಮೂಲೆಯಲ್ಲಿರುತ್ತವೆ. ಕೀಟನಾಶಕವನ್ನು ನಾವು ‘ಔಷಧಿ’ ಎನ್ನುತ್ತೇವೆ. ವಾಸ್ತವವಾಗಿ ಅದು ವಿಷ. ಎಷ್ಟು ಉಗ್ರವಾದ ವಿಷ ಎಂಬುದನ್ನು ಓದು ಬಾರದವರೂ ಡಬ್ಬಿ ನೋಡಿ ತಿಳಿಯಬಹುದು.

1968ರ ಕೀಟನಾಶಕ ಕಾಯಿದೆಯಡಿ 1971ರಲ್ಲಿ ಮಾಡಿದ ನಿಯಮಗಳ ಪ್ರಕಾರ ಡಬ್ಬಿಯ ಚೀಟಿಯ ಮೇಲೆ, ಮೂಲೆ ಮೇಲಾಗಿ ನಿಲ್ಲಿಸಿದ ಒಂದು ಚೌಕ ಇರಬೇಕು. ಅದರ ಕೆಳಗಿನ ಅರ್ಧದಲ್ಲಿ ಬಣ್ಣ, ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಮಾತು ಇರುತ್ತದೆ.

ಕೆಂಪು: ಅತ್ಯುಗ್ರ ವಿಷ. ತಲೆಬುರುಡೆ, ಅಡ್ಡಮೂಳೆ ಚಿತ್ರದೊಂದಿಗೆ ‘ಪಾಯಿಸನ್’ ಎಂದಿರುತ್ತದೆ. ಉದಾ: ಇಲಿ ಪಾಷಾಣವಾದ ಜಿಂಕ್ ಫಾಸ್ಫೈಡ್.

ಹಳದಿ: ಉಗ್ರ ವಿಷ. ಚಿತ್ರವಿಲ್ಲದೆ ‘ಪಾಯಿಸನ್’ ಎಂದಿರುತ್ತದೆ. ಉದಾ: ಗೆದ್ದಲಿಗೆ ಬಳಸುವ ಕ್ಲೋರೊಪೈರಿಫಾಸ್.

ನೀಲಿ: ಮಧ್ಯಮ ವಿಷ. ‘ಡೇಂಜರ್’ ಎಂದಿರುತ್ತದೆ. ಉದಾ: ಮೆಲಾಥಿಯಾನ್.

ಹಸಿರು: ಅಲ್ಪ ವಿಷ. ‘ಕಾಷನ್’ ಎಂದಿರುತ್ತದೆ. ಉದಾ: ಮ್ಯಾಂಕೋಜೆಬ್.

ಪ್ರಯೋಗಕ್ಕೊಳಪಡಿಸಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ದೇಹತೂಕದ ಪ್ರತಿ ಕಿಲೋಗೆ ಎಷ್ಟು ವಿಷ ಹೊಟ್ಟೆಗೆ ಹೋಗಬೇಕು ಎಂಬುದರ ಮೇಲೆ ಈ ವಿಂಗಡಣೆ ಆಗಿದೆ. ಕೆಂಪಿಗೆ 50 ಮಿಲಿಗ್ರಾಂ ಒಳಗೆ, ಹಳದಿಗೆ 51ರಿಂದ 500, ನೀಲಿಗೆ 501ರಿಂದ 5,000, ಹಸಿರಿಗೆ ಅದಕ್ಕೂ ಹೆಚ್ಚು. ಹಸಿರೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು.

ಚೀಟಿ ಕಿತ್ತ ಡಬ್ಬಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಲ್ಲಿ ಕಂಡುಬಂತು. ವಿಷದ ಡಬ್ಬಿಯಲ್ಲೇ ಎಣ್ಣೆ ಇಟ್ಟಿದ್ದಿರಬೇಕೆಂದು ಅಧಿಕಾರಿಗಳು ಶಂಕಿಸಿದರು.

ಚೀಟಿಯಿಂದ ಇನ್ನೊಂದು ಉಪಯೋಗವಿದೆ. ಕ್ಲೋರೊಪೈರಿಫಾಸ್‌ನಂಥ ವಿಷ ತಗುಲಿದ ರಾಸು ಜೊಲ್ಲು ಸುರಿಸುತ್ತದೆ, ಭೇದಿ ಮಾಡುತ್ತದೆ, ಮೈ ನಡುಗಿ ಏದುಸಿರು ಬಿಡುತ್ತದೆ. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಜೀವ ಉಳಿಸಬಲ್ಲದು. ಜಿಂಕ್ ಫಾಸ್ಫೈಡ್ ತಿಂದ ರಾಸಿಗೆ ಅದು ಪ್ರತಿವಿಷವಲ್ಲ. ಯಾವ ವಿಷವೆಂದು ಹುಡುಕುವುದರಲ್ಲೇ ಹೊತ್ತು ಕಳೆದರೆ ರಾಸು ಕೈಬಿಟ್ಟುಹೋಗುತ್ತದೆ. ಆದ್ದರಿಂದ ಸದಸ್ಯರು ಹೀಗೆ ಮಾಡಬೇಕು:

1. ಕೀಟನಾಶಕವನ್ನು ಅದರದೇ ಡಬ್ಬಿಯಲ್ಲಿ, ಚೀಟಿ ಸಮೇತ, ಬೀಗವಿರುವ ಕಡೆ ಇಡಿ. ಬೇರೆ ಸೀಸೆಗೆ ಸುರಿಯಬೇಡಿ.

2. ಖಾಲಿ ಡಬ್ಬಿಯಲ್ಲಿ ನೀರು, ಹಾಲು, ಎಣ್ಣೆ ಇಡಬೇಡಿ. ಜಜ್ಜಿ, ಮನೆ, ಬಾವಿ, ಕೆರೆಗಳಿಂದ ದೂರ ಹೂಳಿ.

3. ಉಣ್ಣೆಗೆಂದು ಬೆಳೆಯ ಕೀಟನಾಶಕವನ್ನು ರಾಸಿನ ಮೈಗೆ ಬಳಿಯಬೇಡಿ. ಪಶುವೈದ್ಯರು ಹೇಳಿದ ಔಷಧಿಯನ್ನೇ, ಹೇಳಿದ ಪ್ರಮಾಣದಲ್ಲಿ ಬಳಸಿ.

4. ಸಿಂಪಡಿಸಿದ ಹೊಲದ ಮೇವನ್ನು, ಡಬ್ಬಿಯೊಡನೆ ಬರುವ ಕರಪತ್ರದಲ್ಲಿ ಹೇಳಿದಷ್ಟು ದಿನ ಕಳೆಯುವ ತನಕ ಹಾಕಬೇಡಿ.

5. ವಿಷ ಮೈಮೇಲೆ ಬಿದ್ದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸೋಪು ನೀರಿನಿಂದ ತೊಳೆಯಿರಿ. ನಡುಗುತ್ತಿರುವ ರಾಸಿಗೆ ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋಗಿ ರಾಸು ಸಾಯಬಹುದು.

6. ಕೂಡಲೇ ಪಶುವೈದ್ಯರನ್ನು ಕರೆಸಿ, ಡಬ್ಬಿಯನ್ನು ಅವರ ಕೈಗೆ ಕೊಡಿ. ಅವರು ಹೇಳುವವರೆಗೆ ಆ ರಾಸಿನ ಹಾಲನ್ನು ಸಂಘಕ್ಕೂ ಹಾಕಬೇಡಿ, ಮನೆಗೂ ಬಳಸಬೇಡಿ.

ಇಂದೇ ಕೊಟ್ಟಿಗೆಯ ಮೂಲೆ ನೋಡಿ. ಚೀಟಿಯಿಲ್ಲದ ಸೀಸೆ ಇದ್ದರೆ ಅದನ್ನು ಕೆಂಪು ಬಣ್ಣದ್ದೆಂದೇ ಭಾವಿಸಿ, ಮಕ್ಕಳು ಮತ್ತು ರಾಸುಗಳಿಗೆ ಎಟುಕದಂತೆ ಬೇರೆಯಾಗಿಡಿ.