ಬೆಳಕಿಗೆ ಒಡೆಯರುಂಟೆ?

ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ಶಿಲ್ಪ ಯಾರ ಸೊತ್ತು? ಹಣ ತೆತ್ತವರದೋ, ರೂಪಿಸಿದ ಕಲಾವಿದನದೋ, ದಿನವೂ ಅದನ್ನು ಹಾದು ಹೋಗುವ ನಾಗರಿಕರದೋ? ವೃತ್ತದ ನಡುವೆ ನಿಂತ ಕಂಚಿನ ಪ್ರತಿಮೆಯ ವಿಷಯದಲ್ಲಿ ಈ ಪ್ರಶ್ನೆ ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ನೋಡುವವರಿದ್ದರೂ ಇಲ್ಲದಿದ್ದರೂ ಅದರ ರೂಪ ಅದೇ. ಆದರೆ ಆಕಾಶದ ಬೆಳಕು, ಎದುರು ನಿಂತ ಮನುಷ್ಯ ಇವೆರಡೂ ಇಲ್ಲದೆ ಪೂರ್ಣಗೊಳ್ಳದ ಶಿಲ್ಪವಾದರೆ?

ಅಮೆರಿಕದ ಷಿಕಾಗೊ ನಗರದ ಮಿಲೇನಿಯಂ ಪಾರ್ಕ್‌ನಲ್ಲಿರುವ ‘ಕ್ಲೌಡ್ ಗೇಟ್’ ಅಂಥದೊಂದು ಕೃತಿ. ಇದನ್ನು ರೂಪಿಸಿದವರು 1954ರಲ್ಲಿ ಮುಂಬೈಯಲ್ಲಿ ಜನಿಸಿ ಬ್ರಿಟನ್ನಿನಲ್ಲಿ ಹೆಸರು ಮಾಡಿದ ಅನೀಶ್ ಕಪೂರ್. ಸ್ಟೇನ್‌ಲೆಸ್ ಸ್ಟೀಲಿನ 168 ಫಲಕಗಳನ್ನು ಬೆಸೆದು, ಬೆಸುಗೆಯ ಗೆರೆ ಲವಲೇಶವೂ ಉಳಿಯದಂತೆ ಉಜ್ಜಿ ಹೊಳಪು ನೀಡಲಾಗಿದೆ. 66 ಅಡಿ ಉದ್ದ, 33 ಅಡಿ ಎತ್ತರ, ಸುಮಾರು 100 ಟನ್ ತೂಕ. 2004ರಲ್ಲಿ ಉದ್ಯಾನ ತೆರೆದಾಗ ಇನ್ನೂ ಅಪೂರ್ಣವಾಗಿದ್ದ ಶಿಲ್ಪ ವಿಧ್ಯುಕ್ತವಾಗಿ ಲೋಕಾರ್ಪಣೆಗೊಂಡದ್ದು 2006ರ ಮೇ ತಿಂಗಳಲ್ಲಿ. ತಗುಲಿದ ವೆಚ್ಚ 2.3 ಕೋಟಿ ಡಾಲರ್. ಅದನ್ನು ಭರಿಸಿದವರು ಖಾಸಗಿ ದಾನಿಗಳು. ಊರಿನವರು ಅದನ್ನು ಕರೆಯುವುದು ‘ಬೀನ್’ ಎಂದು. ನಮ್ಮ ಕಣ್ಣಿಗೆ ಅದೊಂದು ಬೃಹತ್ ಅವರೆಕಾಳು.

ಈ ಶಿಲ್ಪದ ಬಳಿ ಇಡೀ ಒಂದು ದಿನ ಕಳೆದಾಗ ನನ್ನ ಗಮನಕ್ಕೆ ಬಂದ ಮುಖ್ಯ ಸಂಗತಿಯೆಂದರೆ, ಅದಕ್ಕೆ ತನ್ನದೆಂಬ ಬಣ್ಣವೇ ಇಲ್ಲ. ಬೆಳಿಗ್ಗೆ ಮೋಡದ ಬೂದು, ನಡುಹಗಲಿನಲ್ಲಿ ತಿಳಿನೀಲಿ, ಸಂಜೆ ತಾಮ್ರದ ಛಾಯೆ. ಎಲ್ಲವೂ ಆಕಾಶದಿಂದ ಪಡೆದ ಕಡ. ಹೊರಮೈ ಪೀನ ದರ್ಪಣದಂತೆ ಊರಿನ ಗಗನಚುಂಬಿಗಳನ್ನು ಬಾಗಿಸಿ ತನ್ನೊಳಗೆ ಅಡಕಗೊಳಿಸುತ್ತದೆ. 12 ಅಡಿ ಎತ್ತರದ ಕಮಾನಿನ ಕೆಳಗೆ ನಡೆದು ತಲೆಯೆತ್ತಿದರೆ, ಒಳಗಿನ ಗುಳಿಯಲ್ಲಿ ಒಬ್ಬನೇ ಮನುಷ್ಯ ಹತ್ತಾರು ಪ್ರತಿಬಿಂಬಗಳಾಗಿ ಚದುರುತ್ತಾನೆ. ಒಂದು ಹೆಜ್ಜೆ ಇಟ್ಟರೆ ಅವೂ ಚಲಿಸುತ್ತವೆ. ಮಕ್ಕಳು ಕೈಯಾಡಿಸಿ ತಮ್ಮನ್ನು ತಾವೇ ಹುಡುಕಿಕೊಳ್ಳುತ್ತಾರೆ; ಹಿರಿಯರೂ ಅದನ್ನೇ ಮಾಡುತ್ತಾರೆ, ತುಸು ಸಂಕೋಚದಿಂದ. ಮುಟ್ಟಬಾರದೆಂಬ ನಿಷೇಧ ಅಲ್ಲಿಲ್ಲ. ಕೆಳಗಿನ ಆರು ಅಡಿಯನ್ನು ದಿನಕ್ಕೆರಡು ಬಾರಿ ಒರೆಸಿ ಬೆರಳ ಗುರುತುಗಳನ್ನು ಅಳಿಸುವ ವ್ಯವಸ್ಥೆಯಿದೆ, ಅಷ್ಟೆ.

ಇಷ್ಟು ಉದಾರವಾದ ಶಿಲ್ಪದ ಎದುರಿನಲ್ಲೇ 2005ರಲ್ಲಿ ವಿವಾದವೊಂದು ಎದ್ದಿತು. ಉದ್ಯಾನದ ಕಾವಲುಗಾರರು ವೃತ್ತಿನಿರತ ಛಾಯಾಗ್ರಾಹಕರನ್ನು ತಡೆದು ಪರವಾನಗಿ ಕೇಳತೊಡಗಿದರು. ಶಿಲ್ಪದ ಹಕ್ಕುಸ್ವಾಮ್ಯ ಕಲಾವಿದನದು ಎಂಬುದು ಅದಕ್ಕೆ ನೀಡಿದ ಸಮರ್ಥನೆಗಳಲ್ಲೊಂದು. ಅಮೆರಿಕದ ಕಾನೂನು ಕಟ್ಟಡಗಳ ಛಾಯಾಚಿತ್ರಕ್ಕೆ ನೀಡುವ ವಿನಾಯಿತಿಯನ್ನು ಶಿಲ್ಪಗಳಿಗೆ ವಿಸ್ತರಿಸುವುದಿಲ್ಲ. ಟೀಕೆಗಳು ಹೆಚ್ಚಿದ ಮೇಲೆ ನಗರಾಡಳಿತ ನಿಯಮ ಸಡಿಲಿಸಿತು. ಆದರೂ ಪ್ರಶ್ನೆ ಉಳಿಯಿತು. ಆ ಚಿತ್ರದಲ್ಲಿರುವುದು ಊರಿನ ಆಕಾಶ, ಊರಿನ ಬೀದಿ, ಊರಿನ ಜನ. ಇವನ್ನೆಲ್ಲ ಉಚಿತವಾಗಿ ಪಡೆದ ಕೃತಿ ಮರಳಿ ಶುಲ್ಕ ಕೇಳುವುದು ಯಾವ ನ್ಯಾಯ?

ಹಾಗೆಂದು ಕಲಾವಿದನಿಗೆ ಯಾವ ಹಕ್ಕೂ ಬೇಡವೆನ್ನಲಾಗದು. ಬಂದೂಕು ಪರ ಲಾಬಿಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ತನ್ನ ಪ್ರಚಾರ ವಿಡಿಯೊದಲ್ಲಿ ಈ ಶಿಲ್ಪದ ಚಿತ್ರ ಬಳಸಿದಾಗ ಕಪೂರ್ 2018ರಲ್ಲಿ ಮೊಕದ್ದಮೆ ಹೂಡಿದರು. ಅದೇ ವರ್ಷದ ಕೊನೆಗೆ ರಾಜಿಯಾಗಿ ಆ ದೃಶ್ಯವನ್ನು ತೆಗೆಯಲಾಯಿತು. ಎಲ್ಲರನ್ನೂ ಒಳಗೊಳ್ಳುವ ಕೃತಿಯನ್ನು ಭೀತಿಯ ಪ್ರಚಾರಕ್ಕೆ ಬಳಸಿದವರನ್ನು ತಡೆದದ್ದು ಅದೇ ಹಕ್ಕುಸ್ವಾಮ್ಯವೇ.

ಆದರೆ ಅದೇ ಕಪೂರ್ 2016ರಲ್ಲಿ, ಬೆಳಕನ್ನು ಬಹುತೇಕ ಪೂರ್ತಿಯಾಗಿ ಹೀರಿಕೊಳ್ಳುವ ‘ವ್ಯಾಂಟಾಬ್ಲ್ಯಾಕ್’ ಲೇಪನವನ್ನು ಕಲೆಯಲ್ಲಿ ಬಳಸುವ ಹಕ್ಕನ್ನು ತಮಗೊಬ್ಬರಿಗೇ ಮೀಸಲಾಗಿಸಿಕೊಂಡದ್ದು ಬೆಳಕಿಗೆ ಬಂತು. ಸಹ ಕಲಾವಿದರು ಕೆರಳಿದರು. ಬ್ರಿಟನ್ನಿನ ಸ್ಟುವರ್ಟ್ ಸೆಂಪಲ್ ಕಡುಗುಲಾಬಿ ಬಣ್ಣವೊಂದನ್ನು ತಯಾರಿಸಿ, ಕಪೂರ್ ಒಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಮಾರಾಟ ಎಂದು ಸಾರಿದರು. ಹಾಸ್ಯದಂತೆ ಕಂಡರೂ ಇದರ ಹಿಂದಿನ ಆಕ್ಷೇಪ ಗಂಭೀರವಾದುದು. ರೂಪವನ್ನು ತನ್ನದೆನ್ನುವ ಹಕ್ಕು ಕಲಾವಿದನಿಗಿದೆ. ಕಪ್ಪನ್ನೇ ತನ್ನದೆನ್ನುವ ಹಕ್ಕು ಯಾರಿಗಿದೆ?

ಈ ವಿಷಯದಲ್ಲಿ ನಮ್ಮ ಕಾನೂನು ಹೆಚ್ಚು ವಿವೇಕದ್ದೆಂದು ನನ್ನ ಭಾವನೆ. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಸ್ಥಾಪಿತವಾದ ಶಿಲ್ಪದ ಛಾಯಾಚಿತ್ರ ತೆಗೆಯುವುದಾಗಲಿ ಪ್ರಕಟಿಸುವುದಾಗಲಿ ಉಲ್ಲಂಘನೆಯಲ್ಲ. 57ನೇ ಕಲಮು ಕೃತಿಯನ್ನು ವಿರೂಪಗೊಳಿಸುವುದರ ವಿರುದ್ಧ ಕಲಾವಿದನಿಗೆ ರಕ್ಷಣೆ ನೀಡುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಹಾಳುಗೆಡವಿದ್ದ ಕಂಚಿನ ಭಿತ್ತಿಶಿಲ್ಪವನ್ನು ಶಿಲ್ಪಿ ಅಮರನಾಥ್ ಸೆಹಗಲ್ ಅವರಿಗೆ ಹಿಂದಿರುಗಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ದೆಹಲಿ ಹೈಕೋರ್ಟ್ 2005ರಲ್ಲಿ ಸರ್ಕಾರಕ್ಕೆ ಆದೇಶಿಸಿತು. ನೋಟ ಜನರಿಗೆ, ಗೌರವ ಕೃತಿಕಾರನಿಗೆ ಎಂಬ ತತ್ವ ಇವೆರಡು ಕಲಮುಗಳಲ್ಲಿ ಅಡಗಿದೆ.

ಕಾನೂನು ಕೊಟ್ಟದ್ದನ್ನು ಆಡಳಿತ ಕಸಿಯಬಾರದು. ನಮ್ಮ ನಗರಗಳಲ್ಲಿ ಕಲಾಕೃತಿಗಳನ್ನು ಸ್ಥಾಪಿಸುವವರು ಎತ್ತರ ಮತ್ತು ವೆಚ್ಚದ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಇದರ ಹತ್ತಿರಕ್ಕೆ ಜನ ಬರಬಹುದೇ, ಮುಟ್ಟಬಹುದೇ, ತಮ್ಮ ಮುಖವನ್ನು ಇದರಲ್ಲಿ ಕಾಣಬಹುದೇ? ಕಲಾವಿದನ ಹೆಸರು ಫಲಕದ ಮೇಲಿರಲಿ. ಅವನ ಕೃತಿಗೆ ಹಾನಿ ಮಾಡುವವರನ್ನು ಕಾನೂನು ದಂಡಿಸಲಿ. ಆದರೆ ಅದರ ಮುಂದೆ ನಿಂತು ನೋಡುವ ಸಾಮಾನ್ಯನಿಗೆ ಬೇಲಿಯಾಗಲಿ, ಶುಲ್ಕದ ಚೀಟಿಯಾಗಲಿ ಅಡ್ಡ ಬರಬಾರದು.