ಉಂಗುರ ಸಿಕ್ಕಿತು, ಅರಸನೊಬ್ಬ ಎದ್ದ!

ಕೆಲಸವಿಲ್ಲದೆ ತಿರುಗುವ ಮಗ ಹೊತ್ತು ಮೀರಿ ಊಟಕ್ಕೆ ಬಂದಾಗ "ಬಂದರಪ್ಪ ಮಹಾರಾಜರು!" ಎಂದು ತಾಯಂದಿರು ಗೊಣಗುವುದುಂಟು. ಅದು ಗೇಲಿಯ ಮಾತು. ಆದರೆ ಅಂಥ ಒಬ್ಬ ಹುಡುಗ ನಿಜವಾಗಿಯೇ "ನಾನೇ ಅರಸ" ಎಂದು ಹೊರಟು, ಸಾವಿರಾರು ಜನ ಅವನ ಬೆನ್ನಿಗೆ ನಿಂತು, ಕಡೆಗೆ ಮೈಸೂರಿನ ನಿಜವಾದ ಅರಸರೇ ಅಧಿಕಾರ ಕಳೆದುಕೊಂಡ ಪ್ರಸಂಗ ನಮ್ಮ ಇತಿಹಾಸದಲ್ಲಿದೆ.

ಆದವಾನಿ ಸೀಮೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನಮಗೆ ಈ ಕಥೆ ಆಗಾಗ ನೆನಪಿಗೆ ಬರುತ್ತದೆ. ಕಾಸರಗೋಡಿನಂತೆ ನಮ್ಮದೂ ಗಡಿಯ ಬದುಕೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಹೋದವು; 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅದಕ್ಕೂ ಮುಂಚೆ ನಮ್ಮ ಬೆಟ್ಟದ ಮೇಲಿನ ಕೋಟೆಯನ್ನು ವಿಜಯನಗರದವರು, ಬಿಜಾಪುರದ ಸಿದ್ಧಿ ಮಸೂದ ಖಾನ, ಮೊಗಲರು, ನಿಜಾಮನ ಸಹೋದರ ಬಸಾಲತ್ ಜಂಗ್, 1786ರಲ್ಲಿ ಟಿಪ್ಪು, 1800ರಲ್ಲಿ ಕಂಪೆನಿಯವರು ಒಬ್ಬರಾದ ಮೇಲೊಬ್ಬರು ಪಡೆದರು. ಈ ಪಟ್ಟಿ ಓದಿಸುವಾಗ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ: "ಸಾರ್, ಯಾರು ಬೇಕಾದರೂ ರಾಜ ಆಗಬಹುದಿತ್ತೇ?" ಆಗ ನಾವು ಮಲೆನಾಡಿನ ನಗರದ ಕಥೆ ಹೇಳುತ್ತೇವೆ.

ನಗರವೆಂದರೆ ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟ. ಅಲ್ಲಿಗೆ ಆ ರಾಜ್ಯ ಮುಗಿಯಿತು. ಸುಮಾರು ಎಪ್ಪತ್ತು ವರ್ಷಗಳ ಬಳಿಕ ಅದೇ ಇಲ್ಲದ ರಾಜ್ಯಕ್ಕೆ ಕುಂಸಿ ಕಡೆಯ ರೈತನೊಬ್ಬನ ಮಗ ಸಾದರಮಲ್ಲ ಒಡೆಯನಾಗಿ ಎದ್ದ. ಹರೆಯದಲ್ಲೇ ದಾರಿ ತಪ್ಪಿ, ದರೋಡೆಗೆ ಬಿದ್ದು, ಸೆರೆಮನೆಯನ್ನೂ ಕಂಡವನು ಇವನೆಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ಜಂಗಮನೊಬ್ಬನ ಜೊತೆ ಕೆಲಕಾಲ ತಿರುಗಿದ್ದ. ಆ ಜಂಗಮನಲ್ಲಿ ಕೆಳದಿ ಅರಸರ ಮುದ್ರೆಯುಂಗುರಗಳಿದ್ದವು. ಜಂಗಮ ತೀರಿಕೊಂಡ; ಉಂಗುರಗಳು ಸಾದರಮಲ್ಲನ ಕೈಸೇರಿದವು. ಅಂದಿನಿಂದ ಅವನು ಸಾದರಮಲ್ಲನಲ್ಲ, ಕೆಳದಿ ವಂಶದ ಬೂದಿ ಬಸವಪ್ಪ ನಾಯಕ! ಅವನು ಪಡೆದ ರಹದಾರಿಯಲ್ಲಿ "ನಗರ ಖಾವಂದ" ಎಂದೇ ಹೆಸರಿತ್ತಂತೆ. ಖಾವಂದರೆಂಬ ಮಾತಿನ ತೂಕ ಕರಾವಳಿಯ ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ನಗುವ ಕಥೆ. ಆದರೆ ಆಗ ನಗರ ಸೀಮೆಯ ರೈತರು ಬೆಂದು ಹೋಗಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 'ಶರತ್ತು' ಎಂಬ ಪದ್ಧತಿ ಇತ್ತು. ಇಷ್ಟು ಹಣ ವಸೂಲು ಮಾಡಿ ಕೊಡುತ್ತೇನೆಂದು ಅಮಲ್ದಾರ ಮೊದಲೇ ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ಅವನ ತಲೆಗೆ. ಆದ್ದರಿಂದ ಅವನು ರೈತನ ತಲೆಗೆ. ದೂರು ಕೇಳುವವರಿಲ್ಲ. 1830ರಲ್ಲಿ ರೈತರು ಹೊಸಂತೆಯಲ್ಲಿ ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು. ಬಾಕಿಯೆಲ್ಲ ಮಾಫಿ, ಕಂದಾಯ ಇಳಿಕೆ ಎಂದು ಬೂದಿ ಬಸವಪ್ಪ ಭರವಸೆ ಕೊಟ್ಟ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಬಂದು ಸೇರಿದ. ಬೆಂಕಿ ಹೊತ್ತಿಕೊಂಡಿತು.

ಫಲವೇನಾಯಿತು? ಮೈಸೂರು ಸೈನ್ಯಕ್ಕೆ ಸಾಲದೆ ಕಂಪೆನಿಯ ಸೈನ್ಯ ಬಂತು. 1831ರ ಜೂನಿನಲ್ಲಿ ನಗರ ಅವರ ವಶವಾಯಿತು. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಅರಸರ ಕೈಯಿಂದ ತೆಗೆದುಕೊಂಡ. ಅದು ಮರಳಿ ಬಂದದ್ದು 1881ರಲ್ಲಿ, ಐವತ್ತು ವರ್ಷಗಳ ಮೇಲೆ. ನಡುವೆ ಸತ್ತವರು, ಗಲ್ಲಿಗೇರಿದವರು ರೈತರು.

ಇದು ಒಂದೇ ಉದಾಹರಣೆಯೂ ಅಲ್ಲ. 1837ರ ಕಲ್ಯಾಣಪ್ಪನ ಕಾಟಕಾಯಿಯನ್ನು ಬಲ್ಲ ಓದುಗರಿಗೆ, ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮಂಗಳೂರಿಗೆ ಬಂದವನು ಪುಟ್ಟಬಸಪ್ಪನೆಂಬ ರೈತನೆಂದು ಗೊತ್ತೇ ಇದೆ. ಅಲ್ಲಿಯೂ ಕಂದಾಯದ ಕಾಟವಿತ್ತು. ಅಲ್ಲಿಯೂ ಹೋದ ಅರಸನ ಹೆಸರು ಬೇಕಾಯಿತು. ಪುಟ್ಟಬಸಪ್ಪನನ್ನು ಸಾದರಮಲ್ಲನ ಸಾಲಿಗೆ ಸೇರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಜನ ಇಬ್ಬರನ್ನೂ ನಂಬಿದ್ದಕ್ಕೆ ಕಾರಣ ಒಂದೇ: ಇದ್ದ ಸರಕಾರ ಅವರ ಮಾತು ಕೇಳುತ್ತಿರಲಿಲ್ಲ.

ಆದ್ದರಿಂದ ಮಕ್ಕಳ ಪ್ರಶ್ನೆಗೆ ನಾವು ಕೊಡುವ ಉತ್ತರ ಇಷ್ಟೇ. ಉಂಗುರದಿಂದ ಯಾರೂ ರಾಜರಾಗುವುದಿಲ್ಲ. ಹಸಿದವರು, ನೊಂದವರು ಆ ಉಂಗುರಕ್ಕೆ ಕೈಮುಗಿದಾಗ ಮಾತ್ರ ಆಗುತ್ತಾರೆ.

ಈ ಮಾತು ಇಂದಿಗೂ ಬೇಕು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಆಲೂರು, ಪತ್ತಿಕೊಂಡ ಕಡೆಯ ಸಂಸಾರಗಳು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುತ್ತವೆ. ಜೊತೆಗೆ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಹಾಗೆ ಶಾಲೆ ತಪ್ಪಿದ ಹುಡುಗ ಇಪ್ಪತ್ತು ತುಂಬುವ ಹೊತ್ತಿಗೆ ಯಾರದೋ ಫ್ಲೆಕ್ಸ್ ಬೋರ್ಡಿನ ಮೂಲೆಯಲ್ಲಿ 'ಯುವ ಸಾಮ್ರಾಟ'ನಾಗಿ ಕಾಣಿಸಿಕೊಳ್ಳುತ್ತಾನೆ. ಊರವರು ನಗುತ್ತಾರೆ. ನಮಗೆ ನಗು ಬರುವುದಿಲ್ಲ. ನೀನು ಏನು ಮಾಡಬಲ್ಲೆ ಎಂದು ಅವನನ್ನು ಅದುವರೆಗೆ ಒಬ್ಬರೂ ಕೇಳಿರುವುದಿಲ್ಲ. ಬಿರುದು ಕೊಟ್ಟವನೇ ಮೊದಲು ಹೆಗಲ ಮೇಲೆ ಕೈಯಿಟ್ಟವನು. ಆ ಕೈ ನಾಳೆ ಎಲ್ಲಿಗೆ ತಳ್ಳಿದರೂ ಅವನು ಹೋಗುತ್ತಾನೆ.

ಸಾದರಮಲ್ಲನಿಗೆ ಒಂದು ಜೊತೆ ಎತ್ತು, ಕಟ್ಟಲಾಗುವಷ್ಟು ಕಂದಾಯದ ಒಂದು ತುಂಡು ಹೊಲ ಇದ್ದಿದ್ದರೆ ಜಂಗಮನ ಉಂಗುರ ಅವನಿಗೆ ಬರೀ ಲೋಹವಾಗಿ ಕಾಣುತ್ತಿತ್ತೋ ಏನೋ. ನಮ್ಮ ಹುಡುಗರಿಗೆ ಕಲಿಯಲು ಒಂದು ಶಾಲೆ, ದುಡಿಯಲು ಒಂದು ಕೆಲಸ, ಅಹವಾಲು ಹೇಳಿಕೊಳ್ಳಲು ಒಂದು ಬಾಗಿಲು ಊರಿನಲ್ಲೇ ಇರಲಿ. ಆಮೇಲೆ ಯಾವ ಉಂಗುರ ಎಷ್ಟು ಹೊಳೆದರೂ ಚಿಂತೆಯಿಲ್ಲ.