ತಾರಸಿಯ ಮೇಲಿನ ಒಂಟಿ ಕೊಠಡಿ

ದಾವಣಗೆರೆಯಂತಹ ನಡುತರದ ಊರಿನಲ್ಲಿ ಮದುವೆಯಾಗದ ತರುಣನೊಬ್ಬನು ಬಾಡಿಗೆಯ ಮನೆಯನ್ನು ಹುಡುಕಹೊರಟರೆ ಅವನಿಗೆ ಮೊದಲು ಎದುರಾಗುವುದು ‘ಕುಟುಂಬದವರಿಗೆ ಮಾತ್ರ’ ಎಂಬ ಫಲಕ. ನಾಲ್ಕಾರು ಬೀದಿಗಳನ್ನು ಅಲೆದ ಮೇಲೆ ಅವನಿಗೆ ಸಾಮಾನ್ಯವಾಗಿ ದೊರೆಯುವುದು ಯಾವುದೋ ಮನೆಯ ತಾರಸಿಯ ಮೇಲೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ಆಮೇಲೆ ಕಟ್ಟಿಸಿದ ಒಂದು ಕೊಠಡಿ. ತರುಣಿಗೆ ಅದೂ ದುರ್ಲಭ; ಪಿ.ಜಿ. ಎಂಬ ವಸತಿಗೃಹದಲ್ಲಿ ಮೂರು ಮಂಚಗಳ ನಡುವೆ ಒಂದು ಮಂಚ, ರಾತ್ರಿ ಗೊತ್ತಾದ ಹೊತ್ತಿಗೆ ಮುಚ್ಚುವ ಹೊರಬಾಗಿಲು, ಇಷ್ಟೇ ಅವಳ ಪಾಲು.

ಹತ್ತಿಗಿರಣಿಗಳಿಂದ ಹೆಸರಾಗಿದ್ದ ಈ ಊರಿಗೆ ಈಗ ಹೊರಗಿನ ತರುಣರನ್ನು ಸೆಳೆಯುವುದರಲ್ಲಿ ಕಾಲೇಜುಗಳ ಪಾಲು ದೊಡ್ಡದು. ೧೯೬೫ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. ೧೯೯೭ರಲ್ಲಿ ಊರು ಜಿಲ್ಲಾ ಕೇಂದ್ರವಾಯಿತು. ೨೦೧೧ರ ಜನಗಣತಿಯ ವೇಳೆಗೆ ಇಲ್ಲಿನ ಜನಸಂಖ್ಯೆ ೪ ಲಕ್ಷ ೩೦ ಸಾವಿರವನ್ನು ದಾಟಿದ್ದಿತು. ಓದು ಮುಗಿಸಿ ಇಲ್ಲಿಯೇ ಕೆಲಸಕ್ಕೆ ನಿಂತವರೂ ಬೇರೆ ತಾಲ್ಲೂಕುಗಳಿಂದ ಕೆಲಸಕ್ಕೆಂದು ಬಂದವರೂ ಒಂಟಿಯಾಗಿ ಬಾಳುತ್ತಾರೆ. ಅವರನ್ನು ಕುರಿತು ಹಿರಿಯರು ಆಡುವ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ: ಹೊತ್ತಿಗೆ ಸರಿಯಾಗಿ ಮನೆ ಸೇರುವುದಿಲ್ಲ, ಅಡಿಗೆ ಮಾಡಿಕೊಳ್ಳುವುದಿಲ್ಲ, ಕೈಯಲ್ಲಿ ಹಣ ನಿಲ್ಲುವುದಿಲ್ಲ. ಇದರಲ್ಲಿ ಸ್ವಭಾವದ ಪಾಲೆಷ್ಟು, ಕೊಠಡಿಯ ಪಾಲೆಷ್ಟು ಎಂಬುದನ್ನು ಭೌತವಿಜ್ಞಾನದ ಸಹಾಯದಿಂದ ಕೊಂಚ ಪರಿಶೀಲಿಸೋಣ.

ಮೊದಲನೆಯದಾಗಿ ಹೊತ್ತಿನ ಮಾತು. ದಾವಣಗೆರೆಯು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ಏಪ್ರಿಲ್ ತಿಂಗಳ ಕೊನೆಯಲ್ಲಿ ನಡುಹಗಲಿನ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಬಿಸಿಲಿನ ಪೂರ್ಣ ಹೊಡೆತ ಬೀಳುವುದು ಗೋಡೆಗಳ ಮೇಲಲ್ಲ, ಛಾವಣಿಯ ಮೇಲೆ. ಕೆಳಗಿನ ಮನೆಯವರಿಗೆ ಮೇಲಿನ ಕೊಠಡಿಯೇ ಕೊಡೆ, ಮೇಲಿನವನಿಗೆ ಕೊಡೆಯಿಲ್ಲ. ಅವನ ತಲೆಯ ಮೇಲಿರುವುದು ಹತ್ತು ಹನ್ನೆರಡು ಸೆಂಟಿಮೀಟರು ದಪ್ಪದ ಕಾಂಕ್ರೀಟು ಹಲಗೆ. ಬೂದು ಬಣ್ಣದ ಆ ಹಲಗೆಯು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಂಡು ಶಾಖವಾಗಿ ಮಾರ್ಪಡಿಸುತ್ತದೆ.

ಈ ಶಾಖವು ಒಡನೆಯೇ ಕೆಳಗಿಳಿಯುವುದಿಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಕಾಂಕ್ರೀಟು ಲೋಹದಂತೆ ಒಳ್ಳೆಯ ಉಷ್ಣವಾಹಕವಲ್ಲ. ಮೇಲಾಗಿ, ಅದರ ರಾಶಿ ದೊಡ್ಡದಾದುದರಿಂದ ಪ್ರತಿಯೊಂದು ಪದರವೂ ತಾನು ಕಾದ ಬಳಿಕವೇ ಮುಂದಿನದನ್ನು ಕಾಯಿಸಬೇಕು. ಲೆಕ್ಕ ಹಾಕಿ ನೋಡಿದರೆ, ಮೇಲ್ಮೈಯಲ್ಲಿ ಉಷ್ಣತೆಯು ಪರಮಾವಧಿಯನ್ನು ಮುಟ್ಟಿದ ಮೂರು ಅಥವಾ ನಾಲ್ಕು ಗಂಟೆಗಳ ತರುವಾಯ ಕೆಳಮೈಯು ತನ್ನ ಪರಮಾವಧಿಯನ್ನು ಮುಟ್ಟುತ್ತದೆ. ಅಂದರೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲು ಕೊಠಡಿಯೊಳಕ್ಕೆ ಬರುವುದು ಸಂಜೆ ಐದು ಆರರ ಹೊತ್ತಿಗೆ. ಕೆಲಸ ಮುಗಿಸಿದ ತರುಣನು ಬೀಗ ತೆಗೆಯುವ ಹೊತ್ತೂ ಅದೇ! ಹೊರಗೆ ಗಾಳಿ ತಂಪಾಗುತ್ತಿದ್ದರೂ ಛಾವಣಿಯೂ ಹಗಲೆಲ್ಲ ಕಾದ ಗೋಡೆಗಳೂ ರಾತ್ರಿ ಬಹಳ ಹೊತ್ತಿನವರೆಗೆ ಒಳಮುಖವಾಗಿ ಶಾಖವನ್ನು ವಿಕಿರಣ ಮಾಡುತ್ತಲೇ ಇರುತ್ತವೆ. ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಯ ಮುಂದೆ ಒಂಬತ್ತರವರೆಗೂ ನಿಂತಿರುವವನನ್ನು ಪೋಲಿ ಎಂದು ತೀರ್ಮಾನಿಸುವ ಮನೆಯ ಯಜಮಾನರು ಒಂದು ದಿನ ಸಂಜೆ ಆರು ಗಂಟೆಗೆ ತಮ್ಮ ಮೇಲಿನ ಕೊಠಡಿಯಲ್ಲಿ ಅರ್ಧ ಗಂಟೆ ಕುಳಿತು ನೋಡಬೇಕೆಂದು ನಮ್ಮ ಬಿನ್ನಹ.

ಪಂಖವಿದೆಯಲ್ಲ ಎನ್ನಬಹುದು. ಪಂಖವು ಗಾಳಿಯನ್ನು ತಂಪುಮಾಡುವುದಿಲ್ಲ; ಬೆವರು ಬೇಗ ಆವಿಯಾಗುವಂತೆ ಮಾಡುತ್ತದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಸೆಳೆದುಕೊಳ್ಳುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹವು ಸುಮಾರು ೧೦೦ ವಾಟುಗಳಷ್ಟು ಶಾಖವನ್ನು ಹೊರಹಾಕಬೇಕು. ಸುತ್ತಲಿನ ಗೋಡೆಗಳೂ ಗಾಳಿಯೂ ಚರ್ಮದಷ್ಟೇ ಬಿಸಿಯಾಗಿರುವಾಗ ಅದಕ್ಕೆ ಉಳಿದಿರುವ ದಾರಿ ಬೆವರು ಒಂದೇ. ಹಳೆಯ ಬಗೆಯ ಪಂಖ ತಾನೇ ೭೦ ವಾಟುಗಳಷ್ಟನ್ನು ವಿದ್ಯುತ್ತಿನಿಂದ ಪಡೆದು ಕೊನೆಗೆ ಎಲ್ಲವನ್ನೂ ಕೊಠಡಿಗೇ ಶಾಖವಾಗಿ ಕೊಡುತ್ತದೆ. ಶಾಖದ ಮಟ್ಟಿಗೆ ಹೇಳುವುದಾದರೆ ಒಂಟಿ ಕೊಠಡಿಗೆ ಮುಕ್ಕಾಲು ಪಾಲು ಮನುಷ್ಯನೊಬ್ಬನು ಜೊತೆಗೆ ಬಂದಂತಾಯಿತು! ನಿಜವಾದ ಪರಿಹಾರ ಛಾವಣಿಯ ಮೇಲೆಯೇ ಇದೆ. ಬಿಳಿಯ ಸುಣ್ಣವನ್ನು ದಪ್ಪವಾಗಿ ಬಳಿದರೆ ಬಿಸಿಲಿನ ಬಹುಭಾಗ ಆಕಾಶಕ್ಕೆ ಹಿಂತಿರುಗುತ್ತದೆ. ಆದರೆ ಛಾವಣಿ ಯಜಮಾನರದು, ಬೆವರು ಬಾಡಿಗೆದಾರನದು. ಆದಕಾರಣವೇ ಸುಣ್ಣ ಬಳಿಯುವ ಕಾರ್ಯ ಅಪರೂಪವಾಗಿ ನಡೆಯುತ್ತದೆ.

ಇನ್ನು ಅಡಿಗೆ. ಊರಿನಿಂದ ಹೊರಡುವಾಗ ತಾಯಿ ಕೊಟ್ಟು ಕಳುಹಿಸಿದ ಐದು ಲೀಟರಿನ ಅಲ್ಯುಮಿನಿಯಂ ಕುಕ್ಕರನ್ನು ತೆಗೆದುಕೊಳ್ಳೋಣ. ಅದರ ತೂಕ ೨ ಕಿಲೋಗ್ರಾಂ ಇದ್ದಿತೆನ್ನೋಣ. ಒಬ್ಬನಿಗೆ ೧೦೦ ಗ್ರಾಂ ಅಕ್ಕಿ, ೨೫೦ ಗ್ರಾಂ ನೀರು. ಇವೆರಡನ್ನೂ ೨೫ ಡಿಗ್ರಿಯಿಂದ ೧೨೦ ಡಿಗ್ರಿಯವರೆಗೆ ಕಾಯಿಸಲು ಸುಮಾರು ೨೭,೫೦೦ ಕ್ಯಾಲೊರಿ ಬೇಕು. ಅಲ್ಯುಮಿನಿಯಂನ ವಿಶಿಷ್ಟೋಷ್ಣ ನೀರಿನದರ ಐದನೆಯ ಒಂದು ಭಾಗದಷ್ಟಿದ್ದರೂ, ಪಾತ್ರೆ ಭಾರವಾದುದರಿಂದ ಅದನ್ನು ಅಷ್ಟೇ ಕಾಯಿಸಲು ಸುಮಾರು ೪೦,೦೦೦ ಕ್ಯಾಲೊರಿ ಬೇಕಾಗುತ್ತದೆ. ಅನ್ನಕ್ಕಿಂತ ಪಾತ್ರೆಯೇ ಹೆಚ್ಚು ಉಂಡಿತು! ಅದೇ ಕುಕ್ಕರಿನಲ್ಲಿ ನಾಲ್ವರಿಗೆ ಅನ್ನ ಮಾಡಿದರೆ ಪಾತ್ರೆಯ ಪಾಲು ನಾಲ್ವರಿಗೂ ಹಂಚಿಹೋಗಿ, ತಲೆಗೆ ೩೭,೫೦೦ ಕ್ಯಾಲೊರಿ ಬೀಳುತ್ತದೆ, ಒಂಟಿಯವನಿಗೆ ೬೭,೫೦೦. ತೊಳೆಯುವ ನೀರು, ಕಾಯುವ ಹೊತ್ತು, ಒಗ್ಗರಣೆಯ ಎಣ್ಣೆ, ಕೊಳೆತುಹೋಗುವ ಅರ್ಧ ಎಲೆಕೋಸು, ಎಲ್ಲಕ್ಕೂ ಇದೇ ಲೆಕ್ಕ. ಆದುದರಿಂದ ಅವನು ಖಾನಾವಳಿಗೆ ಹೋಗಿ ಜೋಳದ ರೊಟ್ಟಿ ಉಂಡು ಬಂದರೆ ಅದನ್ನು ಸೋಮಾರಿತನವೆನ್ನುವುದಕ್ಕಿಂತ ದೊಡ್ಡ ಪಾತ್ರೆಯ ಪಾಲುದಾರಿಕೆ ಎನ್ನುವುದು ಹೆಚ್ಚು ಸರಿಯಾದೀತು. ಮನೆಯಲ್ಲೇ ಬೇಯಿಸಬೇಕೆನ್ನುವವನು ಒಂದೂವರೆ ಲೀಟರಿನ ಚಿಕ್ಕ ಕುಕ್ಕರನ್ನು ಕೊಳ್ಳುವುದು ಲೇಸು.

ಇಷ್ಟರವರೆಗೆ ಹೇಳಿದುದು ಬೆವರಿನ ಮತ್ತು ಹಣದ ಮಾತು. ಸ್ನಾನದ ಮನೆಯಲ್ಲಿ ವಿಷಯ ಬೇರೆಯಾಗುತ್ತದೆ.

ತಾರಸಿಯ ಕೊಠಡಿಗಳಲ್ಲಿ ನೀರು ಕಾಯಿಸಲು ಎರಡು ಸಾಧನಗಳು ಬಳಕೆಯಲ್ಲಿವೆ. ಒಂದು ಬಕೀಟಿನಲ್ಲಿ ಮುಳುಗಿಸುವ ವಿದ್ಯುತ್ ಸರಳು. ಅದು ೧,೫೦೦ ವಾಟಿನದಾದರೆ ೧೫ ಲೀಟರು ನೀರನ್ನು ೨೪ರಿಂದ ೪೨ ಡಿಗ್ರಿಗೆ ಏರಿಸಲು ಸುಮಾರು ಹದಿಮೂರು ನಿಮಿಷ ಸಾಕು. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ನೀರಿಗೆ ಬೆರಳು ಹಾಕಬೇಕೆಂಬುದನ್ನು ಎಲ್ಲರೂ ಬಲ್ಲರು; ಬಿಸಿಯಾಯಿತೇ ಎಂದು ನೋಡುವ ಆತುರದಲ್ಲಿ ಮರೆಯುವವರೂ ಉಂಟು.

ಇನ್ನೊಂದು ಅಡಿಗೆ ಅನಿಲದಿಂದ ಉರಿಯುವ ಗೀಸರು. ಇದರ ಅಪಾಯವು ಕಣ್ಣಿಗೆ ಕಾಣದಂತಹುದು. ನಾಲ್ಕಡಿ ಅಗಲ, ಐದಡಿ ಉದ್ದ, ಎಂಟಡಿ ಎತ್ತರದ ಸ್ನಾನದ ಮನೆಯಲ್ಲಿ ಇರುವ ಗಾಳಿ ಸುಮಾರು ನಾಲ್ಕೂವರೆ ಘನ ಮೀಟರು. ಸಾಧಾರಣ ಗೀಸರು ಗಂಟೆಗೆ ಮುಕ್ಕಾಲು ಕಿಲೋಗ್ರಾಂಗಿಂತ ಹೆಚ್ಚು ಅನಿಲವನ್ನು ಸುಡುತ್ತದೆ. ಒಂದು ಕಿಲೋಗ್ರಾಂ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು ಹನ್ನೆರಡು ಘನ ಮೀಟರು ಗಾಳಿ ಬೇಕು. ಕಿಟಕಿ ಮುಚ್ಚಿದ್ದರೆ ಹತ್ತು ನಿಮಿಷಗಳಲ್ಲಿ ಕೋಣೆಯ ಗಾಳಿಯ ಮೂರರಲ್ಲೊಂದು ಪಾಲು ಜ್ವಾಲೆಗೇ ವೆಚ್ಚವಾಗುತ್ತದೆ. ಆಮ್ಲಜನಕ ಕಡಮೆಯಾದಂತೆ ಉರಿ ಅಪೂರ್ಣವಾಗಿ, ಕಾರ್ಬನ್ ಮಾನಾಕ್ಸೈಡು ಹುಟ್ಟುತ್ತದೆ. ಅಡಿಗೆ ಅನಿಲ ಸೋರಿದರೆ ನಾತ ಬರುವುದು ಅದಕ್ಕೆ ಬೇಕೆಂದೇ ಬೆರೆಸಿದ ಗಂಧಕದ ಸಂಯುಕ್ತದಿಂದ. ಉರಿದು ಹುಟ್ಟಿದ ಈ ವಿಷಕ್ಕೆ ನಾತವೂ ಇಲ್ಲ, ಬಣ್ಣವೂ ಇಲ್ಲ. ಅದು ರಕ್ತದ ಹೀಮೊಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮೀರಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆ ಸುತ್ತು. ಬಳಿಕ ಕಾಲುಗಳಲ್ಲಿ ಶಕ್ತಿ ಉಡುಗುತ್ತದೆ. ಹಸಿವಿನಿಂದ ಹೀಗಾಯಿತೆಂದು ಭಾವಿಸುವಷ್ಟರಲ್ಲಿ ಬಾಗಿಲವರೆಗೆ ನಡೆಯಲೂ ಆಗದಿರಬಹುದು.

ತುಂಬಿದ ಮನೆಯಲ್ಲಿ ಹತ್ತು ನಿಮಿಷಕ್ಕೆ “ಏನಪ್ಪಾ, ಇನ್ನೂ ಆಗ್ಲಿಲ್ವಾ?” ಎಂದು ಬಾಗಿಲು ಬಡಿಯುವವರು ಯಾರಾದರೂ ಇರುತ್ತಾರೆ. ಆ ಬಡಿತದ ಬೆಲೆ ಇಂತಹ ಸಮಯದಲ್ಲಿ ತಿಳಿಯುತ್ತದೆ. ಒಂಟಿ ಕೊಠಡಿಯಲ್ಲಿ ಅದಿಲ್ಲವಾದುದರಿಂದ ಅದರ ಬದಲಿಗೆ ಬೇರೆ ಏರ್ಪಾಡು ಅಗತ್ಯ. ಗೀಸರೂ ಸಿಲಿಂಡರೂ ಸ್ನಾನದ ಮನೆಯ ಹೊರಗೆ, ತೆರೆದ ತಾರಸಿಯಲ್ಲಿ ಮಳೆ ತಾಗದಂತೆ ಇರಬೇಕು. ಕೊಳವೆಯೊಂದೇ ಒಳಕ್ಕೆ ಬರಲಿ. ಅದು ಸಾಧ್ಯವಿಲ್ಲದಿದ್ದರೆ ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಬಕೀಟನ್ನು ತುಂಬಿಸಿಕೊಂಡು, ಉರಿಯನ್ನು ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನಕ್ಕೆ ಇಳಿಯತಕ್ಕದ್ದು. ಯಾರಾದರೂ ಕುಸಿದು ಬಿದ್ದುದನ್ನು ಕಂಡರೆ ಮೊದಲು ಹೊರಗಿನ ಗಾಳಿಗೆ ಎಳೆದು ತರಬೇಕು, ಆಸ್ಪತ್ರೆಗೆ ಸಾಗಿಸಬೇಕು. ಬರಿಯ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು.

ಚಿಲಕದ ಮಾತೊಂದು ಉಳಿಯಿತು. ಒಬ್ಬನೇ ಇರುವವನಿಗೆ ಸ್ನಾನದ ಮನೆಯ ಒಳಚಿಲಕದಿಂದ ಯಾವ ಪ್ರಯೋಜನವೂ ಇಲ್ಲ. ಅದನ್ನು ಹಾಕದಿರುವುದೇ ಒಳ್ಳೆಯದು. ಹೊರಬಾಗಿಲಿಗೆ ಎರಡೂ ಕಡೆಯಿಂದ ತೆರೆಯುವ ಬೀಗವನ್ನು ಹಾಕಿಸಿ, ಅದರ ಇನ್ನೊಂದು ಕೀಲಿಯನ್ನು ಕೆಳಗಿನ ಮನೆಯಲ್ಲಿ ಕೊಟ್ಟಿರಬೇಕು.